ಬಿಸಿಲೂರಿನಲ್ಲಿ ಗಿಡ್ಡ ಐರಿಸ್: ಯಾವುದನ್ನು ನೆಡಬೇಕು, ಯಾವುದನ್ನು ಬಿಡಬೇಕು

ಮಾರ್ಚ್ ಮೊದಲ ವಾರ ಅಮೆರಿಕದ ಟೆಕ್ಸಾಸ್‌ನಲ್ಲಿರುವ ನಮ್ಮ ಆಸ್ಟಿನ್ ಮನೆಯ ಮೆಟ್ಟಿಲ ಪಕ್ಕ ಒಂದು ಗಿಡ್ಡ ಐರಿಸ್ ಅರಳುತ್ತದೆ. ಹತ್ತೇ ಇಂಚು ಎತ್ತರ. ತಿಳಿ ಹಳದಿ ಹೂ, ಅಂಗೈಯಲ್ಲಿ ಕೂರುವಷ್ಟು. ಮನೆಗೆ ಬಂದವರೆಲ್ಲ ಬಗ್ಗಿ ನೋಡುತ್ತಾರೆ, ಆಮೇಲೆ ಕೇಳುತ್ತಾರೆ, ಇದು ನಮ್ಮನೇಲೂ ಬರುತ್ತಾ ಅಂತ. ಬರುತ್ತೆ ಅಂದುಬಿಟ್ಟರೆ ಅವರು ಅವತ್ತು ರಾತ್ರಿಯೇ ಕ್ಯಾಟಲಾಗ್ ತೆರೆದು, ಬಣ್ಣ ನೋಡಿ, ಆರೇಳು ತಳಿ ಆರ್ಡರ್ ಮಾಡಿ, ಎರಡು ವರ್ಷ ಬರೀ ಎಲೆ ನೋಡಿ, ಬೇಜಾರಾಗಿ ಕಿತ್ತು ಹಾಕುತ್ತಾರೆ. ನಾನೂ ಹೀಗೇ ಶುರು ಮಾಡಿದ್ದು. ಮೊದಲ ವರ್ಷ ತರಿಸಿದ ಹನ್ನೆರಡು ಗೆಡ್ಡೆಗಳಲ್ಲಿ ಒಂಬತ್ತು ಹೋದವು. ಆ ಒಂಬತ್ತು ಹೋಗಿದ್ದು ಯಾಕೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಐರಿಸ್ ಗೊತ್ತಿಲ್ಲದವರಿಗೆ ಎರಡು ಮಾತು. ಎಲೆ ನೋಡಿದರೆ ನಮಗೆ ಮೊದಲು ನೆನಪಾಗುವುದು ಬಜೆ ಗಿಡ. ಅದೇ ಕತ್ತಿಯಂಥ ಎಲೆ, ಅದೇ ಬೀಸಣಿಗೆ ಥರ ಜೋಡಣೆ. ಅಮ್ಮ ಬೆಂಗಳೂರಿನಿಂದ ಬಂದಾಗ ನೋಡಿದ ಕೂಡಲೇ, "ಏನೇ ಇದು, ಮುಂದುಗಡೆ ಬಜೆ ಹಾಕಿದೀಯ?" ಅಂದಿದ್ದರು. ಆದರೆ ಬಜೆಗೆ ಕಾಲಡಿ ನೀರು ನಿಂತಿರಬೇಕು, ಈ ಗಿಡಕ್ಕೆ ನೀರು ನಿಂತರೆ ಪ್ರಾಣ ಹೋಗುತ್ತದೆ. ಕೆಳಗೆ ಬಾಗಿದ ಮೂರು ಎಸಳುಗಳ ಮೇಲೆ ಮಧ್ಯದಲ್ಲಿ ಸಣ್ಣ ಕಂಬಳಿಹುಳು ಮಲಗಿದ ಹಾಗೆ ರೋಮದ ಒಂದು ಗೆರೆ ಇರುತ್ತದೆ. ಅದೇ ಗಡ್ಡ. ಆ ಗಡ್ಡ ಇರುವ ಐರಿಸ್‌ಗಳ ಬಗ್ಗೆಯೇ ಇಲ್ಲಿ ಹೆಚ್ಚು ಮಾತು. ಗೆಡ್ಡೆ ಥೇಟ್ ಶುಂಠಿಯ ಹಾಗೆ. ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಈ ಗೆಡ್ಡೆ ತಿಂದರೆ ವಿಷ. ಮನುಷ್ಯರಿಗೂ, ನಾಯಿ ಬೆಕ್ಕಿಗೂ. ನೆಡುವ ದಿನ ಗೆಡ್ಡೆಗಳನ್ನು ಅಡುಗೆಮನೆ ಕಟ್ಟೆ ಮೇಲೆ ಇಡಲೇಬೇಡಿ.

ಬಣ್ಣಕ್ಕಿಂತ ಮೊದಲು ಎರಡು ಪ್ರಶ್ನೆ

ನಿಮ್ಮೂರಲ್ಲಿ ಚಳಿಗಾಲದ ರಾತ್ರಿ ಎಷ್ಟು ತಣ್ಣಗಾಗುತ್ತದೆ, ಮತ್ತು ಎಷ್ಟು ವಾರ? ಇದು ಮೊದಲನೆಯದು. ಬೇಸಿಗೆ ಒಣಬೇಸಿಗೆಯಾ, ಮಳೆ ಸೆಖೆ ಸೇರಿದ ಬೇಸಿಗೆಯಾ? ಇದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕ್ಯಾಟಲಾಗ್ ತಾನಾಗೇ ಮುಚ್ಚಿಕೊಳ್ಳುತ್ತದೆ.

ತುಂಬಾ ಜನ ಬಿಸಿಲನ್ನು ಮಾತ್ರ ನೋಡುತ್ತಾರೆ. ನಮ್ಮೂರಲ್ಲಿ 40 ಡಿಗ್ರಿ, ತಡೆಯುತ್ತಾ ಅಂತ ಕೇಳುತ್ತಾರೆ. ಬಿಸಿಲು ತಡೆಯುತ್ತೆ. ಗಡ್ಡದ ಐರಿಸ್ ಕಡುಬೇಸಿಗೆಯಲ್ಲಿ ಅರೆನಿದ್ದೆಗೆ ಜಾರುತ್ತದೆ, ಎಲೆ ತುದಿ ಒಣಗುತ್ತದೆ, ಆದರೂ ಗೆಡ್ಡೆ ಬದುಕಿರುತ್ತದೆ. ಆಸ್ಟಿನ್‌ನಲ್ಲಿ 2011ರಲ್ಲಿ 90 ದಿನ ತಾಪಮಾನ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಅಥವಾ ದಾಟಿತ್ತು, 2023ರಲ್ಲಿ 80 ದಿನ. ಆ 2023ರ ಬೇಸಿಗೆಯನ್ನೂ ನಮ್ಮ ಮನೆಯ ಗೆಡ್ಡೆಗಳು ದಾಟಿಕೊಂಡವು. ತೊಂದರೆ ಆಗುವುದು ಬೇರೆ ಎರಡು ಕಡೆ. ಚಳಿ ಸಾಕಾಗದಿದ್ದರೆ ಹೂವಿನ ಮೊಗ್ಗೇ ಕಟ್ಟುವುದಿಲ್ಲ, ಗಿಡ ಹಸಿರಾಗಿ ಸುಮ್ನೆ ನಿಂತಿರುತ್ತದೆ. ಬಿಸಿ ಮತ್ತು ತೇವ ಒಟ್ಟಿಗೆ ಬಂದರೆ ಗೆಡ್ಡೆ ಕೊಳೆಯುತ್ತದೆ.

ಕೆಲವು ಊರುಗಳ ಲೆಕ್ಕ ಇಟ್ಟುಕೊಂಡು ಮುಂದೆ ಹೋಗೋಣ. ಜನವರಿಯ ರಾತ್ರಿಯ ಕನಿಷ್ಠ ತಾಪಮಾನದ ಸರಾಸರಿ ತೆಗೆದುಕೊಂಡರೆ, ಆಲ್ಬುಕರ್ಕಿಯಲ್ಲಿ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ. ಡಲ್ಲಾಸ್‌ನಲ್ಲಿ 3ರ ಆಸುಪಾಸು, ಸ್ಯಾಕ್ರಮೆಂಟೊದಲ್ಲಿ 4, ಆಸ್ಟಿನ್‌ನಲ್ಲಿ 5-6, ಫೀನಿಕ್ಸ್ ಮತ್ತು ಹ್ಯೂಸ್ಟನ್‌ನಲ್ಲಿ 7-8, ಲಾಸ್ ಏಂಜಲೀಸ್‌ನಲ್ಲಿ 9-10. ಬೆಂಗಳೂರಿನಲ್ಲಿ 15-16. ಈಗ ಮಳೆ. ಫೀನಿಕ್ಸ್‌ಗೆ ವರ್ಷಕ್ಕೆ 20 ಸೆಂಟಿಮೀಟರ್ ಕೂಡ ಬರುವುದಿಲ್ಲ. ಸ್ಯಾಕ್ರಮೆಂಟೊದಲ್ಲಿ ಮಳೆ ಬಹುತೇಕ ಚಳಿಗಾಲದಲ್ಲೇ ಮುಗಿದು ಬೇಸಿಗೆ ಪೂರ್ತಿ ಒಣಗಿರುತ್ತದೆ. ಆಸ್ಟಿನ್‌ಗೆ ಸುಮಾರು 90 ಸೆಂಟಿಮೀಟರ್, ಅದೂ ಯಾವಾಗ ಬೇಕಾದರೂ. ಹ್ಯೂಸ್ಟನ್‌ಗೆ 120ಕ್ಕೂ ಜಾಸ್ತಿ, ಜೊತೆಗೆ ಮೈಗೆ ಅಂಟುವ ಸೆಖೆ.

ಅಮೆರಿಕದಲ್ಲಿ ಗೆಡ್ಡೆ ಮಾರುವ ಚೀಲಗಳ ಮೇಲೆ ಬರೆದಿರುತ್ತಾರಲ್ಲ, ಝೋನ್ 9ರವರೆಗೆ ಅಂತ, ಅದನ್ನು ನಂಬಿ ಮೋಸ ಹೋಗಬೇಡಿ. ಆ ಝೋನ್ ಹೇಳುವುದು ನಿಮ್ಮೂರಲ್ಲಿ ವರ್ಷದ ಅತಿ ಚಳಿಯ ರಾತ್ರಿ ಎಷ್ಟು ಕೆಳಗಿಳಿಯುತ್ತದೆ ಅನ್ನುವುದನ್ನು ಮಾತ್ರ. ಎಷ್ಟು ವಾರ ಚಳಿ ಇರುತ್ತದೆ, ಬೇಸಿಗೆ ಹೇಗಿರುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಸ್ಯಾಕ್ರಮೆಂಟೊ ಮತ್ತು ಹ್ಯೂಸ್ಟನ್ ಎರಡೂ ಝೋನ್ 9ರಲ್ಲೇ ಬರುತ್ತವೆ. ಐರಿಸ್ ಮಟ್ಟಿಗೆ ಎರಡಕ್ಕೂ ಅಜಗಜಾಂತರ.

ಪುಟಾಣಿ ಮತ್ತು ಗಿಡ್ಡ: ಹತ್ತಿರದ ಸಂಬಂಧಿಗಳು, ಸ್ವಭಾವ ಬೇರೆ

ಅಮೆರಿಕನ್ ಐರಿಸ್ ಸೊಸೈಟಿ 1920ರಲ್ಲಿ ಶುರುವಾಗಿದ್ದು, ಗಡ್ಡದ ಐರಿಸ್‌ಗಳನ್ನು ಎತ್ತರ ನೋಡಿ ವಿಂಗಡಿಸುವ ಲೆಕ್ಕ ಅವರದು. 8 ಇಂಚಿನೊಳಗೆ ಇದ್ದರೆ ಮಿನಿಯೇಚರ್ ಡ್ವಾರ್ಫ್. ನಾನು ಪುಟಾಣಿ ಅನ್ನುತ್ತೇನೆ. 8ರಿಂದ 16 ಇಂಚು ಇದ್ದರೆ ಸ್ಟ್ಯಾಂಡರ್ಡ್ ಡ್ವಾರ್ಫ್, ಅದನ್ನು ಗಿಡ್ಡ ಅನ್ನೋಣ. ಅಲ್ಲಿಂದ 27 ಇಂಚು ಚಿಲ್ಲರೆವರೆಗೆ ಇಂಟರ್‌ಮೀಡಿಯೆಟ್, ಅಂದರೆ ಮಧ್ಯಮ. ಅದರಾಚೆ ಎತ್ತರದ ಜಾತಿ. ಮಧ್ಯಮದ ಎತ್ತರದಲ್ಲೇ ಇನ್ನೆರಡು ಗುಂಪುಗಳಿವೆ, ಈಗ ಅವು ಬೇಡ.

ಪುಟಾಣಿಯನ್ನು ಬಿಸಿಲೂರಿನವರು ಬಿಡಿ. ಆಸೆಯಾಗುತ್ತದೆ, ನನಗೂ ಆಗಿತ್ತು. ಆ ಒಂಬತ್ತರಲ್ಲಿ ಆರು ಪುಟಾಣಿಗಳೇ ಇದ್ದವು. ಗೆಡ್ಡೆ ಕಿರುಬೆರಳಿನಷ್ಟಿರುತ್ತದೆ. ಅಷ್ಟು ಚಿಕ್ಕ ಗೆಡ್ಡೆಯಲ್ಲಿ ಕೂಡಿಟ್ಟ ಆಹಾರ ಕಡಿಮೆ, ಬೇರು ಮೇಲುಮೇಲೆ, ಮಣ್ಣು ಕಾದರೆ ಮೂರೇ ವಾರದಲ್ಲಿ ಸುಕ್ಕಾಗುತ್ತದೆ. ಪಾಪ ಅಂತ ನೀರು ಹಾಕಿದರೆ ಕೊಳೆಯುತ್ತದೆ. ಒಣಗಿಸಬಾರದು, ನೆನೆಸಬಾರದು, ಜೊತೆಗೆ ಚಳಿಯೂ ಬೇಕು. ಆಲ್ಬುಕರ್ಕಿಯಂಥ ಚಳಿ ಇರುವ ಬಿಸಿಲೂರಾದರೆ ಖಂಡಿತ ಹಾಕಿ. ಡಲ್ಲಾಸ್ ಮತ್ತು ಅದಕ್ಕಿಂತ ಕಡಿಮೆ ಚಳಿಯ ಊರಿನವರು ಆ ದುಡ್ಡನ್ನು ಬೇರೆ ಗಿಡಕ್ಕೆ ಉಳಿಸಿಕೊಳ್ಳಿ.

ಗಿಡ್ಡ ಐರಿಸ್‌ನ ಕಥೆ ಸ್ವಲ್ಪ ಹೇಳಲೇಬೇಕು, ಯಾಕಂದರೆ ಬಿಸಿಲೂರಿನಲ್ಲಿ ಅದು ಯಾಕೆ ಒಂದು ವರ್ಷ ಹೂ ಬಿಟ್ಟು ಇನ್ನೊಂದು ವರ್ಷ ಸುಮ್ಮನಿರುತ್ತದೆ ಅನ್ನುವುದಕ್ಕೆ ಉತ್ತರ ಅದರ ಹುಟ್ಟಿನಲ್ಲೇ ಇದೆ. ಇಂಡಿಯಾನಾದ ಪಾಲ್ ಕುಕ್ ಮತ್ತು ಟೆನೆಸ್ಸಿಯ ಗೆಡ್ಡಿಸ್ ಡಗ್ಲಸ್ ಇಬ್ಬರೂ ಸೇರಿ ಎತ್ತರದ ಐರಿಸ್ ಜೊತೆ ಪ್ಯುಮಿಲಾ ಅನ್ನುವ ಪುಟ್ಟ ಕಾಡು ಐರಿಸ್ ಅನ್ನು ಕೂಡಿಸಿದರು. ಕುಕ್ ಅವರ 'ಗ್ರೀನ್ ಸ್ಪಾಟ್' 1951ರಲ್ಲಿ ಹೊರಬಂತು, ಬಿಳಿ ಹೂ, ಕೆಳಗಿನ ಎಸಳಲ್ಲಿ ಹಸಿರು ಮಚ್ಚೆ. ಇವತ್ತಿಗೂ ಗಿಡ್ಡ ಐರಿಸ್‌ಗೆ ಸೊಸೈಟಿ ಕೊಡುವ ದೊಡ್ಡ ಪದಕಕ್ಕೆ ಈ ಇಬ್ಬರ ಹೆಸರೇ ಇದೆ. ಪ್ಯುಮಿಲಾದ ತವರು ಪೂರ್ವ ಯುರೋಪಿನಿಂದ ಯೂರಲ್ ಕಡೆಗೆ ಹರಡಿರುವ ಹುಲ್ಲುಗಾವಲು. ಅಲ್ಲಿ ಚಳಿಗಾಲ ಅಂದರೆ ಹೆಪ್ಪುಗಟ್ಟುವ ಚಳಿ, ತಿಂಗಳುಗಟ್ಟಲೆ.

ಈಗ ಲೆಕ್ಕ ನೋಡಿ. ಎತ್ತರದ ಐರಿಸ್‌ಗೆ 48 ಕ್ರೋಮೋಸೋಮ್, ಪ್ಯುಮಿಲಾಗೆ 32. ಎರಡರ ಅರ್ಧರ್ಧ ಸೇರಿದರೆ ಗಿಡ್ಡಕ್ಕೆ 40. ಅದರಲ್ಲಿ 16 ಪ್ಯುಮಿಲಾದ್ದು. ಇದೇ ಗಿಡ್ಡವನ್ನು ಮತ್ತೆ ಎತ್ತರದ್ದರ ಜೊತೆ ಕೂಡಿಸಿದರೆ ಬರುವುದು ಮಧ್ಯಮ, 44 ಕ್ರೋಮೋಸೋಮ್. ಅದರಲ್ಲಿ ಪ್ಯುಮಿಲಾ ಪಾಲು ಅಂದಾಜು ಎಂಟು. ನನ್ನ ಅನುಭವದಲ್ಲಿ ಚಳಿ ಬೇಕು ಅನ್ನುವ ಹಟ ಈ ಪ್ಯುಮಿಲಾ ಪಾಲಿನ ಜೊತೆಜೊತೆಗೇ ಇಳಿಯುತ್ತದೆ.

ಇದನ್ನು ಕಣ್ಣಾರೆ ನೋಡಿದ್ದು 2021ರಲ್ಲಿ. ಆ ಫೆಬ್ರವರಿಯ ಹಿಮ ಟೆಕ್ಸಾಸ್‌ನಲ್ಲಿ ಇದ್ದವರು ಯಾರೂ ಮರೆಯುವುದಿಲ್ಲ. ಕರೆಂಟ್ ಇಲ್ಲ, ನೀರಿಲ್ಲ, ಹಿತ್ತಲಿನ ನಿಂಬೆ ಗಿಡ ಸತ್ತೇಹೋಯಿತು. ಐರಿಸ್ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಮಲಗಿದ್ದವು. ಆರು ವಾರ ಕಳೆದ ಮೇಲೆ ನೋಡಿದರೆ, ಮೂರು ವರ್ಷದಿಂದ ಒಂದು ಮೊಗ್ಗೂ ಬಿಡದ ನೇರಳೆ ಗಿಡ್ಡ ಐರಿಸ್ ಗುಂಪಿನಲ್ಲಿ ಹನ್ನೊಂದು ಹೂವು. ನೆಲಕ್ಕೆ ಕೂತು ಎಣಿಸಿದೆ. ಗಿಡ ಅಷ್ಟು ವರ್ಷ ಕಾಯುತ್ತಾ ಇದ್ದದ್ದು ಚಳಿಗೆ ಅಂತ ಅವತ್ತು ಗೊತ್ತಾಯಿತು. ಮುಂದಿನ ವರ್ಷ ಚಳಿ ಮಾಮೂಲಿ, ಹೂ ಎರಡೇ.

ಹಾಗಂತ ಗಿಡ್ಡ ಐರಿಸ್ ಬೇಡವೇ ಬೇಡ ಅನ್ನುವುದಿಲ್ಲ. ತಳಿ ನೋಡಿ ಆರಿಸಬೇಕು ಅಷ್ಟೇ. ವರ್ಷಕ್ಕೆ ಎರಡು ಸಲ ಹೂ ಬಿಡುವ ತಳಿಗಳಿವೆ, ವಸಂತದಲ್ಲಿ ಒಮ್ಮೆ, ಮತ್ತೆ ಮಳೆಗಾಲ ಚಳಿಗಾಲದ ನಡುವೆ ಒಮ್ಮೆ. ಇಂಥವಲ್ಲಿ ಹಲವಕ್ಕೆ ಚಳಿಯ ಹಟ ಕಡಿಮೆ. ನಮ್ಮ ಮೆಟ್ಟಿಲ ಪಕ್ಕದ್ದು ಅಂಥದ್ದೇ, 'ಬೇಬಿ ಬ್ಲೆಸ್ಡ್', ಲಾಯ್ಡ್ ಝರ್ಬ್ರಿಗ್ ಅವರ 1979ರ ತಳಿ. ಹಳೆಯದು, ಅಗ್ಗದ್ದು, ಗಟ್ಟಿ. ಎರಡನೇ ಸಲದ ಹೂ ನಮ್ಮಲ್ಲಿ ಎಲ್ಲ ವರ್ಷ ಬರುವುದಿಲ್ಲ. ಮಾರ್ಚ್‌ನದು ಮಾತ್ರ ತಪ್ಪಿಲ್ಲ.

ಮಧ್ಯಮದವು: ಬಹುತೇಕ ಜನರಿಗೆ ನನ್ನ ಉತ್ತರ ಇದೇ

ಗಿಡ್ಡ ಗಿಡ ಬೇಕು ಅಂತ ಬಂದವರಿಗೆ ಒಂದೂವರೆ ಎರಡು ಅಡಿಯ ಗಿಡ ತೋರಿಸಿದರೆ ಮುಖ ಬಾಡುತ್ತದೆ. ಆದರೆ ಯೋಚಿಸಿ, ನಿಮಗೆ ಗಿಡ್ಡವೇ ಬೇಕು ಅನಿಸಿದ್ದು ಯಾಕೆ? ಸಾಮಾನ್ಯವಾಗಿ ಮೂರು ಕಾರಣ ಇರುತ್ತದೆ. ಜಾಗ ಕಡಿಮೆ, ಗಾಳಿಗೆ ಎತ್ತರದ ಹೂದಂಡ ಬಾಗಿ ಬೀಳುತ್ತದೆ, ಇಲ್ಲವೇ ಬೇರೆಯವರಿಗಿಂತ ಮೊದಲೇ ಹೂ ನೋಡಬೇಕು. ಈ ಮೂರನ್ನೂ ಮಧ್ಯಮದವು ಮಾಡಿಕೊಡುತ್ತವೆ. ಹೂದಂಡ ಕಡ್ಡಿ ಊರದೆ ನಿಲ್ಲುತ್ತದೆ. ಆಸ್ಟಿನ್‌ನಲ್ಲಿ ಗಿಡ್ಡದವು ಮಾರ್ಚ್ ಶುರುವಿನಲ್ಲಿ ಬಂದರೆ ಇವು ಮಾರ್ಚ್ ಕೊನೆಗೆ, ಎತ್ತರದವು ಏಪ್ರಿಲ್‌ಗೆ. ಗೆಡ್ಡೆ ದಪ್ಪ, ನಮ್ಮ ಹೆಬ್ಬೆರಳಿಗಿಂತ ದೊಡ್ಡದು, ಬೇಸಿಗೆ ತಡೆಯುವ ತಾಕತ್ತು ಅಲ್ಲೇ ಇರುತ್ತದೆ. ಬೀಜ ಕಟ್ಟುವುದು ತೀರಾ ಕಡಿಮೆ. ಗುಂಪು ಬೇಗ ಹರಡುತ್ತದೆ, ಮೂರು ವರ್ಷಕ್ಕೆ ಪಕ್ಕದ ಮನೆಗೂ ಕೊಡಬಹುದು.

ನಾನು ಎಲ್ಲರಿಗೂ ಹೇಳುವ ಹೆಸರು 'ರೇರ್ ಎಡಿಷನ್'. ಬಿಳಿ ಮೈ, ಅಂಚಿನಲ್ಲಿ ನೇರಳೆ ಚುಕ್ಕಿಗಳನ್ನು ಸೂಜಿಯಲ್ಲಿ ಹೊಲಿದ ಹಾಗೆ. 1980ರದ್ದು. ಅದನ್ನು ಬೆಳೆಸಿದ ಜೋ ಗ್ಯಾಟಿ ಇದ್ದದ್ದು ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ನಲ್ಲಿ, ಐರಿಸ್ ತಳಿಗಾರ ಕೀತ್ ಕೆಪ್ಪೆಲ್ ಅವರ ಜೊತೆ. ಬಿಸಿಲೂರಿನಲ್ಲೇ ಹುಟ್ಟಿ ಬೆಳೆದ ತಳಿ ಬಿಸಿಲೂರಿಗೆ ಒಗ್ಗುವುದು ಸುಲಭ ಅನ್ನುವುದು ನನ್ನ ನಂಬಿಕೆ. ಸ್ಯಾಕ್ರಮೆಂಟೊ, ಸ್ಯಾನ್ ಹೋಸೆ ಕಡೆ ಇರುವ ನಮ್ಮವರು ಧೈರ್ಯವಾಗಿ ಹಾಕಬಹುದು. ಆಸ್ಟಿನ್, ಡಲ್ಲಾಸ್‌ನವರೂ ಹಾಕಬಹುದು.

ಯಾರೂ ಮಾರದ ಒಂದು ಬಿಳಿ ಐರಿಸ್

ಟೆಕ್ಸಾಸ್‌ನ ಹಳೇ ಸ್ಮಶಾನಗಳ ಪಕ್ಕ, ಪಾಳುಬಿದ್ದ ಮನೆಗಳ ಮುಂದೆ, ಫೆಬ್ರವರಿ ಮಾರ್ಚ್‌ನಲ್ಲಿ ಬಿಳಿ ಐರಿಸ್ ಸಾಲುಸಾಲಾಗಿ ಅರಳಿರುತ್ತದೆ. ಯಾರೂ ನೀರು ಹಾಕುವುದಿಲ್ಲ. ಇದರ ಹೆಸರು ಆಲ್ಬಿಕಾನ್ಸ್. ಇಲ್ಲಿನವರು ಸಿಮೆಟರಿ ಐರಿಸ್ ಅನ್ನುತ್ತಾರೆ. ತವರು ಯೆಮನ್ ಮತ್ತು ಸೌದಿ ಅರೇಬಿಯಾ. ಮುಸ್ಲಿಮರು ಸಮಾಧಿಗಳ ಮೇಲೆ ಇದನ್ನು ನೆಡುತ್ತಾ ಹೋದರು, ಹಾಗೇ ಅದು ಮೆಡಿಟರೇನಿಯನ್ ಸುತ್ತ ಹರಡಿ ಸ್ಪೇನ್ ತಲುಪಿತು. ಸ್ಪೇನ್‌ನವರ ಜೊತೆ ಹಡಗು ಹತ್ತಿ ಈ ಕಡೆ ಬಂತು. ಬೀಜ ಕಟ್ಟುವ ಗಿಡವೇ ಅಲ್ಲ. ಅಂದರೆ ಈಗ ನಾನು ನೋಡುತ್ತಿರುವ ಪ್ರತಿ ಗೆಡ್ಡೆಯನ್ನೂ ಯಾರೋ ಒಬ್ಬರು ಕೈಯಲ್ಲಿ ಎತ್ತಿ ಇನ್ನೊಂದು ಕಡೆ ಇಟ್ಟಿದ್ದಾರೆ, ಶತಮಾನಗಳ ಕಾಲ ಹೀಗೇ ನಡೆದಿದೆ. ನಮ್ಮ ಕಾಶ್ಮೀರದಲ್ಲೂ ಸಮಾಧಿಗಳ ಮೇಲೆ ಐರಿಸ್ ನೆಡುವ ಪದ್ಧತಿ ಇದೆ. ಅದನ್ನು ಓದಿದ ದಿನದಿಂದ ಈ ಹೂ ನನಗೆ ಇನ್ನಷ್ಟು ಹತ್ತಿರ.

ಒಂದರಿಂದ ಎರಡು ಅಡಿ ಎತ್ತರ. ಗಿಡ್ಡದ ಲೆಕ್ಕಕ್ಕೆ ಸ್ವಲ್ಪ ಮೀರುತ್ತದೆ. ಇಲ್ಲಿ ಕಾಣುವ ಬಣ್ಣ ಬಿಳಿ. ಎಸಳು ಸಾದಾ, ಹೊಸ ತಳಿಗಳ ಹಾಗೆ ಜಾಲರಿ ಅಂಚು ಇಲ್ಲ. ಆದರೆ ಹೂ ಬಿಡುತ್ತದೆ. ನಮ್ಮಲ್ಲಿ ಬೇಸಿಗೆ ಹೇಗಿದ್ದರೂ, ಚಳಿ ಹೇಗಿದ್ದರೂ. ಮೊದಲ ಸಲ ಐರಿಸ್ ಹಾಕುವವರು ಮೊದಲು ಇದನ್ನೇ ಹಾಕಿ, ಒಂದು ಗೆಲುವು ಕೈಗೆ ಸಿಗಲಿ, ಆಮೇಲೆ ಹಟಮಾರಿ ತಳಿಗಳ ಕಡೆ ಹೋಗಿ. ಅಂಗಡಿಯಲ್ಲಿ ಅಷ್ಟಾಗಿ ಸಿಗುವುದಿಲ್ಲ. ಹಳೇ ಮನೆಯವರನ್ನು ಕೇಳಿ, ಸಂತೋಷದಿಂದ ಕಿತ್ತು ಕೊಡುತ್ತಾರೆ. ಸ್ಮಶಾನದಿಂದ ಮಾತ್ರ ಕೀಳಬೇಡಿ. ಅದು ಇನ್ನೊಬ್ಬರ ಮನೆಯವರಿಗೆ ನೆಟ್ಟ ಹೂ.

ಮರುಭೂಮಿಯವರಿಗೆ, ಜೌಗಿನವರಿಗೆ

ಫೀನಿಕ್ಸ್, ಟೂಸಾನ್, ಆಲ್ಬುಕರ್ಕಿ ಕಡೆ ಇರುವವರಿಗೆ ಇನ್ನೊಂದು ದಾರಿ ಇದೆ, ಆರಿಲ್ ಐರಿಸ್‌ಗಳು. ಇಸ್ರೇಲ್, ಜೋರ್ಡಾನ್, ಸಿರಿಯಾ, ಇರಾನ್ ಕಡೆಯ ಒಣನೆಲದ ಕಾಡು ಐರಿಸ್‌ಗಳನ್ನು ಮಾಮೂಲಿ ಗಡ್ಡದ ಐರಿಸ್ ಜೊತೆ ಕೂಡಿಸಿದ ತಳಿಗಳಿಗೆ ಆರಿಲ್‌ಬ್ರೆಡ್ ಅನ್ನುತ್ತಾರೆ. ಗಿಡ್ಡ ಜಾತಿ ಜೊತೆ ಕೂಡಿಸಿದರೆ ಆರಿಲ್‌ಮೀಡಿಯನ್, ಅವು ಚಿಕ್ಕವು. ಹೂ ದುಂಡಗೆ, ಗಡ್ಡದ ಕೆಳಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಮಚ್ಚೆ. ನೋಡಿದರೆ ಮರೆಯುವ ಹೂವಲ್ಲ. ಆದರೆ ಬೇಸಿಗೆಯಲ್ಲಿ ನೀರು ಬೀಳಲೇಬಾರದು. ಆಸ್ಟಿನ್‌ನಲ್ಲಿ ನಾನು ಎರಡು ಸಲ ಹಾಕಿ ಎರಡು ಸಲವೂ ಜೂನ್ ಮಳೆಗೆ ಕಳೆದುಕೊಂಡೆ. ಇನ್ನು ಹಾಕುವುದಿಲ್ಲ. ಫೀನಿಕ್ಸ್‌ನವರು ಗಿಡ್ಡ ಐರಿಸ್ ಮೇಲೆ ದುಡ್ಡು ಸುರಿಯುವ ಬದಲು ಇವನ್ನೇ ಹಾಕಲಿ, ಮಧ್ಯಾಹ್ನ ಎರಡರ ಮೇಲೆ ಗೋಡೆಯ ನೆರಳು ಬೀಳುವ ಜಾಗ ನೋಡಿ.

ಹ್ಯೂಸ್ಟನ್, ನ್ಯೂ ಓರ್ಲಿಯನ್ಸ್, ಫ್ಲಾರಿಡಾ ಕಡೆಯವರಿಗೆ ನನ್ನ ಮಾತು ಸ್ವಲ್ಪ ಕಹಿ ಅನಿಸಬಹುದು. ಗಡ್ಡದ ಐರಿಸ್ ಆಸೆಯನ್ನೇ ಬಿಡಿ. ನಿಮ್ಮೂರಿಗೇ ಹುಟ್ಟಿದ ಐರಿಸ್ ಇದೆ, ಲೂಸಿಯಾನಾ ಐರಿಸ್. ಐದು ಕಾಡು ಜಾತಿಗಳಿಂದ ಬಂದ ಗುಂಪು, ನೀರು ನಿಂತರೂ ಖುಷಿ, ಸೆಖೆಗೂ ಜಗ್ಗುವುದಿಲ್ಲ. ಹೆಚ್ಚಿನವು ಎತ್ತರದವು, ಎರಡರಿಂದ ನಾಲ್ಕು ಅಡಿ. ಆ ಐದರಲ್ಲಿ ಬ್ರೆವಿಕಾಲಿಸ್ ಅನ್ನುವುದು ಮಾತ್ರ ಗಿಡ್ಡ, ಹೂದಂಡ ಅಂಕುಡೊಂಕಾಗಿ ಬೆಳೆಯುತ್ತದೆ, ನೀಲಿ ಹೂ ಎಲೆಗಳ ನಡುವೆಯೇ ಅರಳುತ್ತದೆ. ಗಿಡ್ಡವೇ ಬೇಕು ಅನ್ನುವವರು ಅದನ್ನು ಹುಡುಕಿ.

ಬೆಂಗಳೂರಿನಲ್ಲಿ?

ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಮೊದಲು ಅಮ್ಮನಿಂದಲೇ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಫೀನಿಕ್ಸ್‌ನ ಮಾಮೂಲಿ ಜನವರಿ ರಾತ್ರಿ ಅದರ ಆಸುಪಾಸಿನಲ್ಲೇ ಇರುತ್ತದೆ. ಮೇಲಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ. ಗಿಡ್ಡ ಐರಿಸ್‌ಗೆ ಬೇಕಾದ್ದು ಒಂದೂ ಅಲ್ಲಿಲ್ಲ. ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಚಳಿ ಸ್ವಲ್ಪ ಜಾಸ್ತಿ ನಿಜ, ಮಳೆ ಅದಕ್ಕಿಂತ ಎಷ್ಟೋ ಜಾಸ್ತಿ. ಇಲ್ಲಿಂದ ಸೂಟ್‌ಕೇಸ್‌ನಲ್ಲಿ ಗೆಡ್ಡೆ ಒಯ್ಯುವ ಯೋಚನೆ ಬೇಡ. ಭಾರತಕ್ಕೆ ಗಿಡ, ಗೆಡ್ಡೆ ತರಲು ಮೊದಲೇ ಪರವಾನಗಿ ಬೇಕು, ಗಿಡಕ್ಕೆ ರೋಗವಿಲ್ಲ ಅನ್ನುವ ಸರ್ಕಾರಿ ಪ್ರಮಾಣಪತ್ರ ಬೇಕು. ನಿಯಮ ಇರುವುದು ನಮ್ಮ ಹೊಲಗಳಿಗೆ ಹೊಸ ರೋಗ ಬರದಿರಲಿ ಅಂತ.

ಅಮ್ಮನ ಮನೆಗೆ ನಾನು ಆರಿಸಿದ್ದು ವಾಕಿಂಗ್ ಐರಿಸ್, ಬ್ರೆಜಿಲ್ ಕಡೆಯ ನಿಯೋಮಾರಿಕಾ. ಐರಿಸ್ ಕುಟುಂಬದ್ದೇ, ಗಡ್ಡ ಇಲ್ಲ. ಬಿಳಿ ಹೂ, ನಡುವೆ ಸುರುಳಿ ಸುತ್ತಿದ ನೀಲಿ ಎಸಳು. ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಹೂದಂಡದ ತುದಿಯಲ್ಲಿ ಮರಿ ಗಿಡ ಹುಟ್ಟಿ, ಭಾರಕ್ಕೆ ಬಾಗಿ, ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ. ಹಾಗೆ ಗಿಡ ನಡೆಯುತ್ತಾ ಹೋಗುತ್ತದೆ. ಮರದ ನೆರಳೇ ಸಾಕು, ಕುಂಡದಲ್ಲೂ ಬರುತ್ತದೆ. ಬಿಸಿಲಿರುವ ಜಾಗವಾದರೆ ಡಯೆಟಿಸ್. ದಕ್ಷಿಣ ಆಫ್ರಿಕಾದ್ದು, ಬಿಳಿ ಹೂವಿನಲ್ಲಿ ಹಳದಿ ನೇರಳೆ ಗುರುತು ಇರುವುದೊಂದು, ತಿಳಿ ಹಳದಿಯಲ್ಲಿ ಕಂದು ಮಚ್ಚೆ ಇರುವುದೊಂದು. ಬಿಳಿ ಜಾತಿಯಲ್ಲಿ ಹೂ ಮುಗಿದ ದಂಡವನ್ನು ಕತ್ತರಿಸಬೇಡಿ, ಅದೇ ದಂಡದಲ್ಲಿ ಮತ್ತೆ ಮತ್ತೆ ಹೂ ಬರುತ್ತದೆ. ಎರಡರಲ್ಲಿ ಒಂದೇ ಅಂದರೆ ನಾನು ವಾಕಿಂಗ್ ಐರಿಸ್ ಅನ್ನುತ್ತೇನೆ, ನಮ್ಮ ಮನೆಗಳಲ್ಲಿ ಬಿಸಿಲಿಗಿಂತ ನೆರಳಿನ ಜಾಗವೇ ಜಾಸ್ತಿ ಅಲ್ವಾ.

ಚಳಿ ಇಲ್ಲದಿದ್ದರೇನು, ಗೆಡ್ಡೆಯನ್ನು ಫ್ರಿಜ್‌ನಲ್ಲಿಟ್ಟು ನೆಟ್ಟರೆ ಆಗುವುದಿಲ್ಲವಾ ಅಂತ ಕೆಲವರು ಕೇಳುತ್ತಾರೆ. ಗಡ್ಡದ ಐರಿಸ್‌ಗೆ ಅದು ಸರಿಯಾದ ದಾರಿ ಅಲ್ಲ, ಅದು ಚಳಿಗಾಲದಲ್ಲೂ ಎಲೆ ಹೊತ್ತು ಬೆಳಕಿನಲ್ಲಿ ನಿಲ್ಲುವ ಗಿಡ. ಈರುಳ್ಳಿಯಂಥ ಗೆಡ್ಡೆ ಇರುವ ರೆಟಿಕ್ಯುಲಾಟಾ ಐರಿಸ್‌ಗೆ ಆಗುತ್ತದೆ. ಐದಾರು ಇಂಚಿನ ಗಿಡ, ನೀಲಿ ಹೂ. ಸುಮಾರು 12-13 ವಾರ ತಣ್ಣಗಿಟ್ಟು ಆಮೇಲೆ ಕುಂಡಕ್ಕೆ. ಹಣ್ಣಿನ ಜೊತೆ ಇಡಬಾರದು, ಹಣ್ಣು ಬಿಡುವ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಒಂದು ವರ್ಷದ ಸಂತೋಷ, ಮುಂದಿನ ವರ್ಷ ಹೊಸ ಗೆಡ್ಡೆ.

ನೆಡುವಾಗ

ತಂಪು ಊರಿನವರು ಜುಲೈ ಆಗಸ್ಟ್‌ನಲ್ಲಿ ನೆಡುತ್ತಾರೆ, ಪುಸ್ತಕಗಳಲ್ಲೂ ಹಾಗೇ ಇರುತ್ತದೆ. ನಾವು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ವರೆಗೆ ಕಾಯಬೇಕು. ಗುಂಡಿ ತೋಡಿ, ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಗೆಡ್ಡೆಯನ್ನು ಕುದುರೆ ಮೇಲೆ ಕೂರಿಸಿದ ಹಾಗೆ ಕೂರಿಸಿ ಬೇರುಗಳನ್ನು ಎರಡೂ ಕಡೆ ಇಳಿಬಿಡಿ. ಶುಂಠಿ ಅರಿಶಿನ ನೆಟ್ಟ ಕೈ ತಾನಾಗೇ ಆಳಕ್ಕೆ ಹೋಗುತ್ತದೆ, ತಡೆಯಿರಿ. ತಂಪು ಊರಲ್ಲಿ ಗೆಡ್ಡೆಯ ಬೆನ್ನು ಪೂರ್ತಿ ಹೊರಗಿರಬೇಕು. ಬಿಸಿಲೂರಲ್ಲಿ ಅರ್ಧ ಇಂಚು ಮಣ್ಣು ಮುಚ್ಚಿದರೆ ಸಾಕು, ಬೆನ್ನು ಸುಡುವುದಿಲ್ಲ. ಗಿಡ್ಡದವಕ್ಕೆ ಒಂದು ಗೇಣು ಅಂತರ, ಮಧ್ಯಮಕ್ಕೆ ಒಂದು ಅಡಿ. ನಮ್ಮಲ್ಲಿ ಇರುವುದು ಅಂಟು ಜೇಡಿಮಣ್ಣು, ಹಾಗಾಗಿ ಆರು ಇಂಚು ಏರಿಸಿದ ಮಡಿ ಮಾಡಿದ್ದೇನೆ. ಹಸಿ ಕೊಟ್ಟಿಗೆ ಗೊಬ್ಬರ ಬೇಡವೇ ಬೇಡ. ಸಾರಜನಕ ಜಾಸ್ತಿಯಾದರೆ ಎಲೆ ಸೊಕ್ಕುತ್ತದೆ, ಗೆಡ್ಡೆ ಮೆತ್ತಗಾಗುತ್ತದೆ, ಕೊಳೆಗೆ ಅದೇ ಬಾಗಿಲು.

ನನ್ನ ಒಂಬತ್ತರಲ್ಲಿ ಉಳಿದ ಮೂರನ್ನು ಕೊಂದಿದ್ದು ಹುಲ್ಲುಹಾಸಿನ ಸ್ಪ್ರಿಂಕ್ಲರ್. ಗಿಡ್ಡ ಗಿಡ ಅಂತ ಹುಲ್ಲಿನ ಅಂಚಿಗೆ ಹಾಕಿದ್ದೆ, ಅಲ್ಲಿಗೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ತಾನಾಗೇ ನೀರು ಬೀಳುತ್ತಿತ್ತು. ಗಿಡ್ಡ ಐರಿಸ್ ಎತ್ತರದ್ದಕ್ಕಿಂತ ಬೇಗ ಸಾಯುವುದಕ್ಕೆ ಅರ್ಧ ಕಾರಣ ಇದೇ. ಎಲ್ಲರೂ ಅದನ್ನು ಮುಂದಿನ ಸಾಲಿಗೆ ಹಾಕುತ್ತಾರೆ, ನೀರು ಮೊದಲು ಬೀಳುವುದೂ ಅಲ್ಲೇ, ಮರದ ಚಕ್ಕೆ ಹೊದಿಕೆ ಗೆಡ್ಡೆ ಮೇಲೆ ಜಾರಿ ಕೂರುವುದೂ ಅಲ್ಲೇ. ಹೊಸದಾಗಿ ನೆಟ್ಟಾಗ ಮೂರು ವಾರ ನೀರು ಬೇಕು. ಬೇರು ಹಿಡಿದ ಮೇಲೆ ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ, ಸಂಜೆ, ಬುಡದಿಂದ ಸ್ವಲ್ಪ ದೂರಕ್ಕೆ.

ಕೊಳೆ ಬಂದಿದೆಯಾ ಅಂತ ತಿಳಿಯಲು ಎಲೆ ಗುಂಪನ್ನು ಮೆಲ್ಲಗೆ ಎಳೆಯಿರಿ. ಚೆನ್ನಾಗಿದ್ದರೆ ಅಲುಗುವುದಿಲ್ಲ. ಕೊಳೆತಿದ್ದರೆ ಎಲೆ ಕೈಗೇ ಬರುತ್ತದೆ, ಬುಡ ಲೋಳೆ, ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಗಂಜಿಯಂತೆ ಒಳಗಿಳಿಯುತ್ತದೆ, ವಾಸನೆ ಒಂದು ಸಲ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಗಾಬರಿಯಾಗಬೇಡಿ. ಹಳೇ ಚಮಚ ತಗೊಂಡು ಮೆತ್ತಗಿರುವುದನ್ನೆಲ್ಲ ಗಟ್ಟಿ ಬಿಳಿ ತಿರುಳು ಸಿಗುವವರೆಗೆ ಕೆರೆದು ತೆಗೆಯಿರಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸೇರಿಸಿ ಅದರಲ್ಲಿ ತೊಳೆದು, ಒಂದು ದಿನ ಬಿಸಿಲಿಗೆ ಒಣಗಿಸಿ, ಬೇರೆ ಜಾಗದಲ್ಲಿ ನೆಡಿ. ಗಿಡ್ಡದಲ್ಲಿ ಉಳಿಯುವುದು ಕಷ್ಟ, ಕೆರೆದ ಮೇಲೆ ಏನೂ ಮಿಕ್ಕಿರುವುದಿಲ್ಲ. ಮಧ್ಯಮದ ದಪ್ಪ ಗೆಡ್ಡೆ ಎಷ್ಟೋ ಸಲ ಉಳಿದಿದೆ.

ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಬಿಡುವುದಿಲ್ಲ, ಅದರ ಪಕ್ಕದ ಮರಿಗಳು ಬಿಡುತ್ತವೆ. ಆದ್ದರಿಂದ ಕೊಳ್ಳುವಾಗ ಒಂಟಿ ದೊಡ್ಡ ಗೆಡ್ಡೆಗಿಂತ ಎರಡು ಮರಿ ಇರುವುದು ಮೇಲು. ಗುಂಪನ್ನು ಗಿಡ್ಡದಲ್ಲಿ ಎರಡು ಮೂರು ವರ್ಷಕ್ಕೆ, ಮಧ್ಯಮದಲ್ಲಿ ಮೂರು ನಾಲ್ಕು ವರ್ಷಕ್ಕೆ ಬಿಡಿಸಿ ನೆಡಬೇಕು.

ಆರ್ಡರ್ ಜೂನ್ ಜುಲೈನಲ್ಲೇ ಮಾಡಿ, ಆದರೆ ಸೆಪ್ಟೆಂಬರ್ ಮಧ್ಯದ ಮೇಲೆ ಕಳಿಸಿ ಅಂತ ಬರೆದು ಹಾಕಿ, ಇಲ್ಲವಾದರೆ ಆಗಸ್ಟ್ ಬಿಸಿಲಿನಲ್ಲಿ ಅಂಚೆಪೆಟ್ಟಿಗೆಯಲ್ಲಿ ಗೆಡ್ಡೆ ಬೇಯುತ್ತದೆ. ಹಳೇ ತಳಿಗಳು ಅಗ್ಗಕ್ಕೆ ಸಿಗುತ್ತವೆ, ಈ ವರ್ಷವಷ್ಟೇ ಹೊರಬಂದ ತಳಿಗೆ ಅದರ ಎಷ್ಟೋ ಪಟ್ಟು ಕೇಳುತ್ತಾರೆ. ಬಿಸಿಲೂರಿನವರು ಹೊಸದಕ್ಕೆ ಮೊದಲ ವರ್ಷವೇ ಕೈ ಹಾಕಬಾರದು. ಮಾರುವವರಿಗೆ ಒಂದು ಸಾಲು ಬರೆದು ಕೇಳಿ, ಈ ತಳಿಯನ್ನು ನೀವು ಬೆಳೆಸುವುದು ಯಾವ ಊರಿನಲ್ಲಿ ಅಂತ. ತಂಪಿನ ಒರೆಗಾನ್ ಅಂದರೆ ಇನ್ನೊಮ್ಮೆ ಯೋಚಿಸಿ. ಕ್ಯಾಲಿಫೋರ್ನಿಯಾದ ಒಳನಾಡು, ಟೆಕ್ಸಾಸ್, ನ್ಯೂ ಮೆಕ್ಸಿಕೊ ಅಂದರೆ ತರಿಸಿ.